ಚಿಕಿತ್ಸೆಯ ಕೋಣೆಯ ಮಾತು: ಎಣಿಸುವ ಬಗೆ, ಕೇಳುವ ಬಗೆ

ಮನೋಚಿಕಿತ್ಸೆಯ ಭೇಟಿಯಲ್ಲಿ ಆಡಿದ ಮಾತನ್ನು ಕೇಳಿಸಿಕೊಂಡು, ಅಕ್ಷರಕ್ಕಿಳಿಸಿ, ಸಾರಾಂಶ ಬರೆದು, ಚಿಕಿತ್ಸಕರ ಕೌಶಲಕ್ಕೆ ಅಂಕವನ್ನೂ ಕೊಡುವ ತಂತ್ರಾಂಶಗಳು ಈಗ ಮಾರುಕಟ್ಟೆಗೆ ಬಂದಿವೆ. ಅಮೆರಿಕದ ಇಲಿನಾಯ್ ರಾಜ್ಯವು 2025ರ ಆಗಸ್ಟಿನಲ್ಲಿ ತಂದ ಕಾನೂನು, ಕೃತಕ ಬುದ್ಧಿಮತ್ತೆಯು ತಾನೇ ಚಿಕಿತ್ಸೆ ಕೊಡುವುದನ್ನು ನಿಷೇಧಿಸಿತು. ಆದರೆ ಭೇಟಿಯನ್ನು ಧ್ವನಿಮುದ್ರಿಸಿಕೊಂಡು ಟಿಪ್ಪಣಿ ಸಿದ್ಧಪಡಿಸುವಂಥ ಪೂರಕ ಕೆಲಸಕ್ಕೆ, ಚಿಕಿತ್ಸೆ ಪಡೆಯುವವರ ಒಪ್ಪಿಗೆ ಇದ್ದರೆ, ಅವಕಾಶವನ್ನು ಉಳಿಸಿತು. ಇಂಥ ಸುದ್ದಿ ಬಂದಾಗಲೆಲ್ಲ ಚರ್ಚೆಯು ಯಂತ್ರವು ಚಿಕಿತ್ಸಕರ ಕುರ್ಚಿಯಲ್ಲಿ ಕೂರಬಹುದೇ ಎಂಬ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಕೋಣೆಯಲ್ಲಿ ಹೇಳಿದ್ದು ಏನು ಎಂಬುದನ್ನು ತಿಳಿಯುವ ವಿಧಾನ ಯಾವುದು? ಈ ಪ್ರಶ್ನೆಗೆ ಎಂಟು ದಶಕಗಳಿಂದ ಬೇರೆ ಬೇರೆ ಉತ್ತರಗಳು ಬಂದಿವೆ. ಪ್ರತಿ ವಿಧಾನವೂ ಮಾತಿನ ಒಂದೊಂದು ಅಳತೆಯ ತುಂಡನ್ನು ಹಿಡಿದುಕೊಳ್ಳುತ್ತದೆ. ಒಂದು ಪದವನ್ನು ಹಿಡಿದರೆ ಇನ್ನೊಂದು ವಾಕ್ಯವನ್ನು, ಮತ್ತೊಂದು ಕಥೆಯನ್ನು, ಮಗದೊಂದು ಸರದಿಯನ್ನು, ಅಂದರೆ ಒಬ್ಬರು ಒಮ್ಮೆಗೆ ಆಡುವ ಮಾತನ್ನು, ಹಿಡಿಯುತ್ತದೆ. ಹಿಡಿದ ತುಂಡಿನಲ್ಲಿ ಇಲ್ಲದ್ದು ಆ ವಿಧಾನಕ್ಕೆ ಕೇಳಿಸುವುದೇ ಇಲ್ಲ. ಈ ವಿಧಾನಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಮಾತಿಗಾಗಿ ರೂಪುಗೊಂಡವು. ಕನ್ನಡದ ಮಾತಿಗೆ ಅವುಗಳನ್ನು ಹಾಗೆಯೇ ತಂದು ಹಚ್ಚಿದರೆ ಕೇಳಿಸದೆ ಹೋಗುವುದು ಇನ್ನೂ ಹೆಚ್ಚು.

ಮಾತನ್ನು ಮುಂದಿಟ್ಟುಕೊಂಡೇ ನೋಡುವುದು ಒಳ್ಳೆಯದು. ಕೆಳಗಿನ ಸಂಭಾಷಣೆ ಯಾರದೂ ಅಲ್ಲ, ವಿವರಣೆಗಾಗಿ ನಾನೇ ಕಟ್ಟಿದ್ದು.

ಆಕೆ: ಅತ್ತೆ ಏನೂ ಅನ್ನಲಿಲ್ಲ. ತಟ್ಟೆ ತಗೊಂಡು ಒಳಗೆ ಹೋದ್ರು, ಅಷ್ಟೆ. (ಎರಡು ಸೆಕೆಂಡು ಮೌನ) ಆಮೇಲೆ ತಲೆಭಾರ ಶುರುವಾಯ್ತು.

ಚಿಕಿತ್ಸಕಿ: ಅವರು ಮಾತಾಡದೆ ಎದ್ದು ಹೋದಾಗ ಬೇಜಾರಾಯ್ತು.

ಆಕೆ: ಹ್ಞೂಂ... ಬೇಜಾರು ಅಂತಲ್ಲ. ಸಿಟ್ಟು ಬಂತು ಅಂತ ಹೇಳೋಕಾಗಲ್ಲ ಅಲ್ವಾ ಮೇಡಂ, ದೊಡ್ಡವರು.

ಚಿಕಿತ್ಸಕಿ: ಹೇಳೋಕಾಗಲ್ಲ.

ಆಕೆ: (ನಾಲ್ಕು ಸೆಕೆಂಡು ಮೌನ) ಬಂತು. ಬಂದಿತ್ತು.

ಒಂದು ಕಾಲದಲ್ಲಿ ಇಂಥ ಮಾತಿನ ಏಕೈಕ ದಾಖಲೆ ಚಿಕಿತ್ಸಕರ ನೆನಪಾಗಿತ್ತು. ರೋಗಿಯ ಎದುರು ಟಿಪ್ಪಣಿ ಬರೆದುಕೊಳ್ಳಬಾರದೆಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1912ರಲ್ಲಿ ಸಹೋದ್ಯೋಗಿಗಳಿಗೆ ಸಲಹೆ ಮಾಡಿದ್ದ. ಬರೆಯಹೊರಟವರು ಆರಿಸಲು ತೊಡಗುತ್ತಾರೆ, ಆರಿಸತೊಡಗಿದವರ ಗಮನ ಎಲ್ಲದರ ಮೇಲೂ ಸಮನಾಗಿ ಹರಡುವುದಿಲ್ಲ ಎಂಬುದು ಅವನ ವಾದ. ಸಂಜೆ ನೆನಪಿನಿಂದ ಬರೆದದ್ದೇ ಸಾಕೆಂದು ಆತ ನಂಬಿದ್ದ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ಆತನ ವಿದ್ಯಾರ್ಥಿಗಳು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1940ರ ಆಸುಪಾಸಿನಲ್ಲಿ ಭೇಟಿಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸತೊಡಗಿದರು. ಒಂದು ತಟ್ಟೆಯಲ್ಲಿ ಕೆಲವೇ ನಿಮಿಷಗಳ ಮಾತು ಹಿಡಿಯುತ್ತಿದ್ದ ಕಾಲವದು. 1942ರಲ್ಲಿ ರೋಜರ್ಸ್ ಪ್ರಕಟಿಸಿದ ಗ್ರಂಥದಲ್ಲಿ ಹರ್ಬರ್ಟ್ ಬ್ರಯಾನ್ ಎಂಬ ಗುಪ್ತನಾಮದ ವ್ಯಕ್ತಿಯೊಬ್ಬನ ಚಿಕಿತ್ಸೆಯ ಎಲ್ಲ ಭೇಟಿಗಳ ಮಾತೂ ಆಡಿದಂತೆಯೇ ಅಚ್ಚಾಯಿತು. ಅದೇ ತಂಡದ ಬರ್ನಾರ್ಡ್ ಕೋವ್ನರ್, ಸಲಹೆಗಾರರು ಬರೆದ ಟಿಪ್ಪಣಿಗಳನ್ನು ಧ್ವನಿಮುದ್ರಣದೊಂದಿಗೆ ಹೋಲಿಸಿ, ಭೇಟಿಯಲ್ಲಿ ನಡೆದದ್ದರಲ್ಲಿ ಬಹಳಷ್ಟು ಟಿಪ್ಪಣಿಯಲ್ಲಿ ಕಾಣೆಯಾಗಿರುವುದನ್ನು ತೋರಿಸಿದ.

ಧ್ವನಿಮುದ್ರಣವು ಚಿಕಿತ್ಸಕರ ನೆನಪನ್ನಷ್ಟೇ ಅಲ್ಲ, ಅವರ ಸಿದ್ಧಾಂತವನ್ನೂ ಪರೀಕ್ಷೆಗೆ ಒಡ್ಡಿತು. ಚಿಕಿತ್ಸಕನು ರೋಗಿಯನ್ನು ಯಾವ ದಿಕ್ಕಿಗೂ ಎಳೆಯದೆ, ಷರತ್ತಿಲ್ಲದ ಆದರದಿಂದ ಸ್ವೀಕರಿಸಬೇಕು ಎಂಬುದು ರೋಜರ್ಸ್ ಬೋಧನೆಯ ತಿರುಳು. 1966ರಲ್ಲಿ ಚಾರ್ಲ್ಸ್ ಟ್ರೂಆಕ್ಸ್, ರೋಜರ್ಸ್ ಸ್ವತಃ ನಡೆಸಿದ ದೀರ್ಘ ಚಿಕಿತ್ಸೆಯೊಂದರ ಮುದ್ರಣದಿಂದ ತುಣುಕುಗಳನ್ನು ಆರಿಸಿ, ರೋಗಿಯ ಯಾವ ಬಗೆಯ ಮಾತಿಗೆ ರೋಜರ್ಸ್ ಎಷ್ಟು ಬೆಚ್ಚಗೆ ಸ್ಪಂದಿಸುತ್ತಾನೆ ಎಂಬುದನ್ನು ಅಳೆದು ನೋಡಿದ. ಕೆಲವು ಬಗೆಯ ಮಾತಿಗೆ ಆ ಸ್ಪಂದನ ಹೆಚ್ಚಾಗಿತ್ತು, ಕೆಲವಕ್ಕೆ ಕಡಿಮೆಯಿತ್ತು. ಸ್ಪಂದನ ಹೆಚ್ಚಿದ್ದ ಬಗೆಯ ಮಾತು ಕಾಲಕ್ರಮದಲ್ಲಿ ಬೆಳೆದಿತ್ತು. ರೋಜರ್ಸ್ ಸುಳ್ಳು ಹೇಳಿದ್ದನೆಂದು ಇದರರ್ಥವಲ್ಲ. ತಾನು ಮಾಡುತ್ತಿದ್ದೇನೆಂದು ಅತ್ಯಂತ ಪ್ರಾಮಾಣಿಕ ಚಿಕಿತ್ಸಕನು ನಂಬಿರುವುದಕ್ಕೂ ಅವನ ಮಾತು ಮಾಡುತ್ತಿರುವುದಕ್ಕೂ ನಡುವೆ, ಹೊರಗಿನ ಕಿವಿಗೆ ಮಾತ್ರ ಕೇಳಿಸುವ ಅಂತರವೊಂದು ಇರಬಲ್ಲದು. ನನ್ನ ಮಟ್ಟಿಗೆ ಈ ಇಡೀ ಸಂಶೋಧನಾಕ್ಷೇತ್ರಕ್ಕೆ ಇರುವ ಬಲವಾದ ಸಮರ್ಥನೆ ಇದೇ.

ಟ್ರೂಆಕ್ಸ್ ಮಾಡಿದ ಕೆಲಸಕ್ಕೆ ಕೋಡಿಂಗ್ ಎಂಬ ಹೆಸರಿದೆ: ಮಾತನ್ನು ತುಂಡು ಮಾಡಿ ಪ್ರತಿ ತುಂಡಿಗೂ ಒಂದು ವರ್ಗದ ಚೀಟಿ ಅಂಟಿಸುವುದು. 1970ರ ದಶಕದಿಂದ ಇದಕ್ಕಾಗಿ ಅನೇಕ ಪಟ್ಟಿಗಳು ಹುಟ್ಟಿಕೊಂಡವು. ಕ್ಲಾರಾ ಹಿಲ್ ಅವರ ಪಟ್ಟಿಯಲ್ಲಿ ಚಿಕಿತ್ಸಕರ ಮಾತು ಪ್ರಶ್ನೆಯೋ, ಹೇಳಿದ್ದನ್ನೇ ಮತ್ತೆ ಹೇಳುವುದೋ, ಭಾವನೆಯನ್ನು ಪ್ರತಿಫಲಿಸುವುದೋ, ವ್ಯಾಖ್ಯಾನವೋ ಎಂಬ ವಿಂಗಡಣೆಯಿದೆ. ವಿಲಿಯಂ ಸ್ಟೈಲ್ಸ್ ರೂಪಿಸಿದ ಪದ್ಧತಿ ಇನ್ನಷ್ಟು ಸೂಕ್ಷ್ಮ. ಅಲ್ಲಿ ಪ್ರತಿ ಉಕ್ತಿಗೂ ಎರಡು ಗುರುತು ಬೀಳುತ್ತವೆ, ಒಂದು ವ್ಯಾಕರಣದ ರೂಪಕ್ಕೆ, ಇನ್ನೊಂದು ಆಡಿದವರ ಉದ್ದೇಶಕ್ಕೆ. ನಮ್ಮ ಸಂಭಾಷಣೆಯ "ಹೇಳೋಕಾಗಲ್ಲ ಅಲ್ವಾ ಮೇಡಂ" ಎಂಬುದು ರೂಪದಲ್ಲಿ ಪ್ರಶ್ನೆ, ಉದ್ದೇಶದಲ್ಲಿ ತನ್ನೊಳಗಿನದನ್ನು ಅರ್ಧ ತೆರೆದಿಡುವ ಮಾತು. ಕುಡಿತ ಬಿಡಿಸುವಂಥ ಸಂದರ್ಭಗಳಿಗೆಂದು ವಿಲಿಯಂ ಮಿಲ್ಲರ್ ಆರಂಭಿಸಿದ ಪ್ರೇರಣಾತ್ಮಕ ಸಂದರ್ಶನದ ಪದ್ಧತಿಯಲ್ಲಿ ರೋಗಿಯ ಮಾತಿಗೂ ಚೀಟಿ ಬೀಳುತ್ತದೆ: ಬದಲಾವಣೆಯ ಕಡೆಗೆ ವಾಲುವ ಮಾತು, ಇದ್ದಂತೆಯೇ ಇರುವ ಕಡೆಗೆ ವಾಲುವ ಮಾತು.

ಚೀಟಿ ಅಂಟಿಸುವ ಕೆಲಸದಲ್ಲಿ ಇಬ್ಬರು ಒಪ್ಪುತ್ತಾರೆಯೇ ಎಂಬುದು ಮುಖ್ಯ ಪ್ರಶ್ನೆ, ಮತ್ತು ಇಲ್ಲಿ ಓದುಗರು ಮೋಸಹೋಗುವುದು ಸುಲಭ. ಇಬ್ಬರು ವಿಶ್ಲೇಷಕರು ನೂರು ಉಕ್ತಿಗಳನ್ನು ಓದಿ, ಅವುಗಳಲ್ಲಿ ಸಿಟ್ಟಿನ ಸುಳಿವು ಇರುವ ಉಕ್ತಿ ಯಾವುದೆಂದು ಗುರುತಿಸುತ್ತಾರೆ ಎಂದುಕೊಳ್ಳೋಣ. ಇಬ್ಬರೂ ತೊಂಬತ್ತಕ್ಕೆ "ಇಲ್ಲ" ಎಂದೂ ಹತ್ತಕ್ಕೆ "ಇದೆ" ಎಂದೂ ಬರೆದಿದ್ದಾರೆ, 88 ಉಕ್ತಿಗಳಲ್ಲಿ ಇಬ್ಬರ ಉತ್ತರವೂ ಒಂದೇ ಆಗಿದೆ. ನೂರಕ್ಕೆ 88 ಎಂದರೆ ಒಳ್ಳೆಯ ಫಲಿತಾಂಶವೆಂದು ತೋರುತ್ತದೆ. ಆದರೆ ಇಬ್ಬರೂ ಉಕ್ತಿಗಳನ್ನು ಓದದೆ, ಕಣ್ಣುಮುಚ್ಚಿ ಇದೇ ಪ್ರಮಾಣದಲ್ಲಿ ಚೀಟಿ ಹಂಚಿದ್ದರೂ ಸುಮಾರು 82ರಲ್ಲಿ ಒಪ್ಪಿಗೆ ತಾನಾಗಿ ಬರುತ್ತಿತ್ತು. ಆಕಸ್ಮಿಕದ ಈ ಪಾಲನ್ನು ಕಳೆದು ಉಳಿದದ್ದನ್ನು ಅಳೆಯುವ ಕಪ್ಪಾ ಎಂಬ ಸೂತ್ರವನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ. ಪೂರ್ಣ ಒಪ್ಪಿಗೆಗೆ 1 ಎಂದು ಕೊಡುವ ಆ ಸೂತ್ರದಲ್ಲಿ ಮೇಲಿನ 88ರ ಬೆಲೆ ಸುಮಾರು 0.33, ಅಂದರೆ ಸಾಧಾರಣವೂ ಅಲ್ಲದ ಒಪ್ಪಿಗೆ. ಚಿಕಿತ್ಸೆಯಲ್ಲಿ ನಿಜಕ್ಕೂ ಮುಖ್ಯವಾದ ಕ್ಷಣಗಳು ಅಪರೂಪವಾದ್ದರಿಂದ ಈ ಎಚ್ಚರ ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲೇ ಬೇಕು. ತಂತ್ರಾಂಶವೊಂದು "90 ಶೇಕಡಾ ನಿಖರ" ಎಂದು ಜಾಹೀರಾತು ಕೊಟ್ಟಾಗ ಕೇಳಬೇಕಾದದ್ದೂ ಇದನ್ನೇ: ಯಾವುದರಲ್ಲಿ ನಿಖರ, ಆಕಸ್ಮಿಕವನ್ನು ಕಳೆದ ಮೇಲೆ ಎಷ್ಟು ನಿಖರ?

ಉಕ್ತಿಗಿಂತ ದೊಡ್ಡ ತುಂಡನ್ನು ಹಿಡಿಯುವ ವಿಧಾನಗಳೂ ಇವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೆಸ್ಟರ್ ಲುಬೋರ್ಸ್ಕಿ 1977ರಲ್ಲಿ ವಿವರಿಸಿದ ಪದ್ಧತಿಯು ರೋಗಿ ಹೇಳುವ ಚಿಕ್ಕ ಚಿಕ್ಕ ಕಥೆಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲೂ ಮೂರು ಸಂಗತಿಗಳನ್ನು ಹುಡುಕುತ್ತದೆ: ಹೇಳುವವರಿಗೆ ಬೇಕಾಗಿದ್ದೇನು, ಎದುರಿನವರು ಮಾಡಿದ್ದೇನು, ಅದಕ್ಕೆ ಇವರಲ್ಲಿ ಆದದ್ದೇನು. ತಟ್ಟೆಯ ಪ್ರಸಂಗದಲ್ಲಿ ಬೇಕಾಗಿದ್ದು ಒಂದು ಮಾತು. ಎದುರಿನವರು ಮಾಡಿದ್ದು ಎದ್ದು ಹೋದದ್ದು. ಇವಳಲ್ಲಿ ಆದದ್ದು ತಲೆಭಾರ. ಒಂದು ಕಥೆಯಿಂದ ಏನನ್ನೂ ಹೇಳಲಾಗದು. ಹತ್ತಾರು ಕಥೆಗಳಲ್ಲಿ, ಅತ್ತೆ, ಅಣ್ಣ, ಕಚೇರಿಯ ಮೇಲಧಿಕಾರಿ, ಕೊನೆಗೆ ಚಿಕಿತ್ಸಕಿಯ ವಿಷಯದಲ್ಲೂ ಇದೇ ಮೂರರ ಸರಣಿ ಮರಳಿ ಬಂದರೆ ಅದು ಆ ವ್ಯಕ್ತಿಯ ಸಂಬಂಧಗಳ ಜಾಡು. ಸ್ಟೈಲ್ಸ್ 1990ರ ಹೊತ್ತಿಗೆ ಮುಂದಿಟ್ಟ ಇನ್ನೊಂದು ಮಾದರಿಯು ಒಂದು ನೋವಿನ ಅನುಭವವು ಹೇಗೆ ಹಂತಹಂತವಾಗಿ ಮಾತಿಗೆ ದಕ್ಕುತ್ತದೆ ಎಂಬುದನ್ನು ಸೊನ್ನೆಯಿಂದ ಏಳರವರೆಗಿನ ಮೆಟ್ಟಿಲುಗಳಲ್ಲಿ ಗುರುತಿಸುತ್ತದೆ; ಕೆಳಗಿನ ಮೆಟ್ಟಿಲಲ್ಲಿ ಅದು ಅರಿವಿನಿಂದ ಪೂರ್ತಿ ಹೊರಗಿರುತ್ತದೆ, ನಡುವೆ ಸಮಸ್ಯೆಯೆಂದು ಹೆಸರು ಪಡೆಯುತ್ತದೆ, ಮೇಲೆ ಬಂದಂತೆ ಬದುಕಿಗೆ ಒದಗುವ ತಿಳಿವಾಗುತ್ತದೆ.

ಭಾಷಾವಿಜ್ಞಾನಿಗಳು ಈ ಕೋಣೆಯೊಳಕ್ಕೆ ಬಂದಾಗ ತುಂಡು ಮತ್ತೆ ಚಿಕ್ಕದಾಯಿತು, ನೋಟ ಮಾತ್ರ ಆಳವಾಯಿತು. ಚಾರ್ಲ್ಸ್ ಹಾಕೆಟ್ ಇಬ್ಬರು ಮನೋವೈದ್ಯರೊಂದಿಗೆ ಸೇರಿ 1960ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಒಂದೇ ಒಂದು ಸಂದರ್ಶನದ ಮೊದಲ ಐದು ನಿಮಿಷಗಳ ಕುರಿತಾದದ್ದು. ಉಸಿರು, ತಡವರಿಕೆ, ಸ್ವರದ ಏರಿಳಿತ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬಂದವು. ವಿಲಿಯಂ ಲಬಾವ್ ಮತ್ತು ಡೇವಿಡ್ ಫ್ಯಾನ್ಷೆಲ್ 1977ರಲ್ಲಿ ರೋಡಾ ಎಂದು ಹೆಸರಿಟ್ಟ ಯುವತಿಯೊಬ್ಬಳ ಚಿಕಿತ್ಸೆಯ ಹದಿನೈದು ನಿಮಿಷಗಳ ಮೇಲೆ ಇಡೀ ಗ್ರಂಥವನ್ನು ಬರೆದರು. ಊಟ ಬಿಟ್ಟು ಕೃಶಳಾಗುವ ಕಾಯಿಲೆಯ ಆ ಯುವತಿ, ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದ ತಾಯಿಗೆ ಫೋನ್ ಮಾಡಿ, ಮನೆಗೆ ಯಾವಾಗ ಬರುತ್ತೀಯೆಂದು ಕೇಳಿದ್ದನ್ನು ಚಿಕಿತ್ಸಕಿಗೆ ವರದಿ ಮಾಡುತ್ತಾಳೆ. ಮೇಲುನೋಟಕ್ಕೆ ಅದು ಮಾಹಿತಿ ಕೇಳುವ ಪ್ರಶ್ನೆ. ವಿಶ್ಲೇಷಣೆಯಲ್ಲಿ ಅದೇ ಪ್ರಶ್ನೆ ಬೇಗ ಬಾ ಎಂಬ ಕೋರಿಕೆಯಾಗುತ್ತದೆ, ನೀನು ಬರಬೇಕಾಗಿತ್ತು ಎಂಬ ಸವಾಲಾಗುತ್ತದೆ, ನಿನ್ನ ನೆರವಿಲ್ಲದೆ ನನಗೆ ನಿಭಾಯಿಸಲಾಗುತ್ತಿಲ್ಲ ಎಂಬ ಒಪ್ಪಿಕೆಯೂ ಆಗುತ್ತದೆ. ಜೊತೆಗೆ, ನೀವು ಹೇಳಿಕೊಟ್ಟಂತೆ ಅಮ್ಮನಿಗೆ ನನ್ನ ಮಾತನ್ನು ಹೇಳಿದೆ ಎಂದು ಚಿಕಿತ್ಸಕಿಗೆ ಒಪ್ಪಿಸುವ ಲೆಕ್ಕವೂ ಆಗಿರುತ್ತದೆ. "ಯಾವಾಗ ಬರ್ತೀಯಮ್ಮ?" ಎಂದು ಫೋನಿನಲ್ಲಿ ಕೇಳಿದ, ಕೇಳಿಸಿಕೊಂಡ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಎಲ್ಲರಿಗೂ ಗೊತ್ತಿರುವುದನ್ನು ಹೇಗೆ ಗೊತ್ತಾಯಿತೆಂದು ತೋರಿಸುವುದು ಬೇರೆಯೇ ಕೆಲಸ, ಮತ್ತು ಈ ಇಬ್ಬರು ಮಾಡಿದ್ದು ಅದನ್ನೇ. ಪ್ರಶ್ನೆಯೆಂದು ಚೀಟಿ ಅಂಟಿಸಿ ಮುಂದೆ ಹೋಗುವ ಕೋಡಿಂಗಿಗೆ ಈ ಪದರಗಳು ದಕ್ಕುವುದಿಲ್ಲ.

ಇದೇ ದಿಕ್ಕಿನಲ್ಲಿ ಬೆಳೆದದ್ದು ಸಂಭಾಷಣಾ ವಿಶ್ಲೇಷಣೆ. ಅದರ ಮೂಲಪುರುಷ ಹಾರ್ವಿ ಸ್ಯಾಕ್ಸ್ 1960ರ ದಶಕದ ಆರಂಭದಲ್ಲಿ ಕೆಲಸ ಮಾಡಿದ್ದೇ ಲಾಸ್ ಏಂಜಲೀಸಿನ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದ ದೂರವಾಣಿ ಕರೆಗಳ ಮೇಲೆ ಮತ್ತು ಹದಿಹರೆಯದವರ ಗುಂಪುಚಿಕಿತ್ಸೆಯ ಮುದ್ರಣಗಳ ಮೇಲೆ ಎಂಬುದು ಈಗ ಬಹುಮಟ್ಟಿಗೆ ಮರೆತುಹೋಗಿದೆ. ಈ ವಿಧಾನ ಹಿಡಿಯುವ ತುಂಡು ಸರದಿ. ಒಂದು ಸರದಿಯ ಅರ್ಥವನ್ನು ವಿಶ್ಲೇಷಕರು ತೀರ್ಮಾನಿಸುವುದಿಲ್ಲ; ಎದುರಿನವರು ಮುಂದಿನ ಸರದಿಯಲ್ಲಿ ಅದನ್ನು ಏನೆಂದು ತೆಗೆದುಕೊಂಡರು ಎಂಬುದನ್ನು ನೋಡುತ್ತಾರೆ. ಹಾಗಾಗಿ ಮೌನದ ಸೆಕೆಂಡುಗಳು, ಮಾತಿನ ಮೇಲೆ ಬಿದ್ದ ಮಾತು, ನುಂಗಿದ ಉಸಿರು ಎಲ್ಲಕ್ಕೂ ಗೇಲ್ ಜೆಫರ್ಸನ್ ರೂಪಿಸಿದ ಗುರುತುಗಳಿವೆ.

ನಮ್ಮ ತುಣುಕಿಗೆ ಈ ಕಿವಿಯನ್ನು ಹಚ್ಚಿ ನೋಡಬಹುದು. ಚಿಕಿತ್ಸಕಿಯು ತಲೆಭಾರವನ್ನು ಕೈಬಿಟ್ಟು "ಬೇಜಾರಾಯ್ತು" ಎಂದು ಸಾರ ಹೇಳುತ್ತಾಳೆ. ಆಕೆಯ ಉತ್ತರ "ಹ್ಞೂಂ" ಎಂದು ಒಪ್ಪಿಗೆಯಿಂದ ಹೊರಟು "ಬೇಜಾರು ಅಂತಲ್ಲ" ಎಂದು ಅಸಮ್ಮತಿಗೆ ಹೊರಳುತ್ತದೆ. ಮೇಡಂ ಹೇಳಿದ್ದನ್ನು ನೇರವಾಗಿ ಅಲ್ಲಗಳೆಯದೆ ಅಲ್ಲಗಳೆಯುವ ರೀತಿ ಇದು. ನಂತರ ಸಿಟ್ಟು ಎಂಬ ಪದ ಬರುತ್ತದೆ, ಆದರೆ ಹೇಳಲಾಗದ್ದರ ಹೆಸರಾಗಿ ಮಾತ್ರ. "ಅಲ್ವಾ ಮೇಡಂ" ಎಂಬುದು ಒಪ್ಪಿಗೆಯನ್ನು ಬೇಡುತ್ತದೆ. ಚಿಕಿತ್ಸಕಿ "ಹೌದು, ದೊಡ್ಡವರು" ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, "ಯಾಕೆ ಹೇಳೋಕಾಗಲ್ಲ?" ಎಂದಿದ್ದರೆ ಆಕೆ ದೊಡ್ಡವರ ಕುರಿತ ನ್ಯಾಯವನ್ನು ವಿವರಿಸಬೇಕಾಗುತ್ತಿತ್ತು. "ಹೇಳೋಕಾಗಲ್ಲ" ಎಂದಷ್ಟೇ ಮರಳಿಸಿದಾಗ ದೊಡ್ಡವರು ಎಂಬ ಕಾರಣ ಕೆಳಗೆ ಉಳಿದು, ಹೇಳಲಾಗದ್ದು ಮಾತ್ರ ಇಬ್ಬರ ನಡುವೆ ಉಳಿಯುತ್ತದೆ. ನಾಲ್ಕು ಸೆಕೆಂಡಿನ ಮೌನ ಅದಕ್ಕೆ ಬೇಕಾದ ಹೊತ್ತು. ಹಿಲ್ ಅವರ ಪಟ್ಟಿಯಲ್ಲಿ ಈ "ಹೇಳೋಕಾಗಲ್ಲ" ಎಂಬುದು ಹೇಳಿದ್ದನ್ನೇ ಮತ್ತೆ ಹೇಳಿದ ಸಾಮಾನ್ಯ ಉಕ್ತಿ. ಸರದಿಯ ಲೆಕ್ಕದಲ್ಲಿ ಇಡೀ ತುಣುಕು ನಿಂತಿರುವುದು ಅದರ ಮೇಲೆ.

ಹೀಗೆ ಸಾರ ಹೇಳುವ ಮಾತು ಯಾವಾಗಲೂ ಒಳಿತನ್ನೇ ಮಾಡುತ್ತದೆ ಎಂದೇನೂ ಇಲ್ಲ. ಕ್ಯಾಥಿ ಡೇವಿಸ್ 1986ರಲ್ಲಿ ಒಂದು ಮೊದಲ ಭೇಟಿಯ ಮಾತನ್ನು ಹೀಗೆಯೇ ಬಿಡಿಸಿ, ಮಹಿಳೆಯೊಬ್ಬಳು ತನ್ನ ಬದುಕಿನ ಪರಿಸ್ಥಿತಿಯ ತೊಂದರೆಯೆಂದು ತಂದದ್ದು ಚಿಕಿತ್ಸಕನ ಒಂದೊಂದೇ ಮರುಹೇಳಿಕೆಯಲ್ಲಿ ಆಕೆಯ ಸ್ವಭಾವದ ತೊಂದರೆಯಾಗಿ ಹೇಗೆ ಮಾರ್ಪಟ್ಟಿತು ಎಂಬುದನ್ನು ತೋರಿಸಿದಳು. ಮನೆಯ ದುಡಿಮೆ, ಹಣ, ಗಂಡನ ಕುಡಿತ ಇವೆಲ್ಲ "ನೀವು ಅದನ್ನು ಹೇಗೆ ತೆಗೆದುಕೊಳ್ಳುತ್ತೀರಿ" ಎಂಬುದರೊಳಗೆ ಕರಗಿಹೋಗುವ ಅಪಾಯ ನಮ್ಮಲ್ಲಿಯೂ ಕಡಿಮೆಯಿಲ್ಲ, ಮತ್ತು ಅದನ್ನು ಹಿಡಿಯಲು ಇದಕ್ಕಿಂತ ಚೊಕ್ಕ ವಿಧಾನ ನನಗೆ ಕಂಡಿಲ್ಲ.

ತೊಡಕೆಂದರೆ ಸಮಯ. ಹದಿನೈದು ನಿಮಿಷಕ್ಕೆ ಒಂದು ಗ್ರಂಥವಾದರೆ ಒಂದು ಜಿಲ್ಲೆಯ ಸೇವೆಯಲ್ಲಿ ಏನಾಗುತ್ತಿದೆ ಎಂದು ಹೇಳುವುದು ಯಾವಾಗ? ಎಣಿಕೆ ಒಳಕ್ಕೆ ಬರುವುದು ಈ ನ್ಯಾಯವಾದ ಪ್ರಶ್ನೆಯ ಬಾಗಿಲಿನಿಂದ. ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದಲ್ಲಿ ಹಾರ್ಸ್ಟ್ ಕೇಷಲೆ, ಎರ್ಹಾರ್ಡ್ ಮೆರ್ಗೆಂಥಾಲರ್ ಮೊದಲಾದವರು ಚಿಕಿತ್ಸೆಯ ಬರಹರೂಪಗಳ ಕಣಜವನ್ನೇ ಕಟ್ಟಿ, ಭಾವದ ಪದಗಳೂ ಅಮೂರ್ತ ಪದಗಳೂ ಭೇಟಿಯುದ್ದಕ್ಕೂ ಏರಿಳಿಯುವುದನ್ನು ಗಣಕದಿಂದ ಎಣಿಸಿದರು. ಜೇಮ್ಸ್ ಪೆನ್ನೆಬೇಕರ್ ಬಳಗದ ಪದ ಎಣಿಸುವ ತಂತ್ರಾಂಶ ಇನ್ನೂ ಪ್ರಸಿದ್ಧ. ಖಿನ್ನತೆಯಲ್ಲಿರುವವರು ಇಂಗ್ಲಿಷಿನಲ್ಲಿ "ನಾನು" ಎಂಬರ್ಥದ ಪದವನ್ನು ಹೆಚ್ಚು ಬಳಸುತ್ತಾರೆ ಎಂಬ ಅದರ ಫಲಿತಾಂಶ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ ಆ ಸಂಬಂಧದ ಬಲ (ಪೂರ್ಣ ಸಂಬಂಧಕ್ಕೆ 1 ಎನ್ನುವ ಅಳತೆಯಲ್ಲಿ) 0.13ರಷ್ಟೇ ಇತ್ತು. ಸಂಬಂಧ ಇದೆ, ಆದರೆ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡಲು ಅದು ಏನೇನೂ ಸಾಲದು.

ಈಚಿನ ದೊಡ್ಡ ಪ್ರಯತ್ನ 2020ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾಯಿತು. ಅಂತರಜಾಲದಲ್ಲಿ ಬೆರಳಚ್ಚಿಸಿಯೇ ನಡೆಸುವ, ಯೋಚನೆ ಮತ್ತು ವರ್ತನೆಯ ರೂಢಿಗಳನ್ನು ಬದಲಿಸಲು ನೆರವಾಗುವ ಅರಿವಿನ ವರ್ತನಾ ಚಿಕಿತ್ಸೆಯ ಸುಮಾರು 90 ಸಾವಿರ ಭೇಟಿಗಳ ಪಠ್ಯವನ್ನು ಯಂತ್ರಕಲಿಕೆಯ ಮಾದರಿಯೊಂದು ಓದಿ, ಚಿಕಿತ್ಸಕರ ಉಕ್ತಿಗಳನ್ನು 24 ವರ್ಗಗಳಿಗೆ ಹಂಚಿತು. ಬದಲಾವಣೆಯ ತಂತ್ರಗಳಿಗೆ ಹೆಚ್ಚು ಮಾತು ಮೀಸಲಾದಲ್ಲಿ ಗುಣವಾಗುವಿಕೆ ಹೆಚ್ಚಿತ್ತು, ಚಿಕಿತ್ಸೆಗೆ ಸಂಬಂಧಿಸದ ಮಾತು ಹೆಚ್ಚಿದ್ದಲ್ಲಿ ಕಡಿಮೆಯಿತ್ತು. ಒಬ್ಬ ಮನುಷ್ಯ ಜೀವಮಾನವಿಡೀ ಓದಿದರೂ ಮುಗಿಯದ ರಾಶಿಯಿಂದ ಬಂದ ಈ ಫಲಿತಾಂಶವನ್ನು ಲಘುವಾಗಿ ಕಾಣುವಂತಿಲ್ಲ. ಆದರೆ ಇಂಥ ಲೆಕ್ಕಕ್ಕೆ ಬರಬಹುದಾದ ಆಕ್ಷೇಪವನ್ನು ಸ್ಟೈಲ್ಸ್ ಮತ್ತು ಡೇವಿಡ್ ಶಪೀರೊ 1989ರಲ್ಲೇ ಬರೆದಿಟ್ಟಿದ್ದರು. ಚಿಕಿತ್ಸೆಯ ಮಾತನ್ನು ಮಾತ್ರೆಯಂತೆ ಭಾವಿಸಿ, ಪ್ರಮಾಣ ಹೆಚ್ಚಿದಷ್ಟೂ ಫಲ ಹೆಚ್ಚಬೇಕೆಂದು ಎಣಿಸುವುದು ತಪ್ಪು, ಏಕೆಂದರೆ ಒಳ್ಳೆಯ ಚಿಕಿತ್ಸಕರು ಎದುರಿನವರ ಅಗತ್ಯ ನೋಡಿ ಪ್ರಮಾಣವನ್ನು ಬದಲಿಸುತ್ತಿರುತ್ತಾರೆ ಎಂಬುದು ಅವರ ವಾದ. ತೋಟಗಾರನು ಬಾಡಿದ ಗಿಡಕ್ಕೆ ಹೆಚ್ಚು ನೀರು ಹಾಕುತ್ತಾನೆ. ತಿಂಗಳ ಕೊನೆಗೆ ನೀರಿನ ಲೆಕ್ಕವನ್ನು ಗಿಡದ ಲೆಕ್ಕದ ಪಕ್ಕದಲ್ಲಿಟ್ಟರೆ, ಹೆಚ್ಚು ನೀರು ಕುಡಿದ ಗಿಡಗಳೇ ಸೊರಗಿರುವಂತೆ ಕಾಣುತ್ತದೆ. ಹಾಗೆಯೇ ಚಿಕಿತ್ಸೆಯ ಹೊರಗಿನ ಮಾತು ಫಲವನ್ನು ತಗ್ಗಿಸಿತೋ, ಚಿಕಿತ್ಸೆ ಸಾಗದಿದ್ದಾಗ ಮಾತು ಬೇರೆಡೆಗೆ ಹೊರಳಿತೋ ಎಂಬುದನ್ನು ಬರಿಯ ಎಣಿಕೆ ಹೇಳುವುದಿಲ್ಲ. ಇನ್ನು ಬೆರಳಚ್ಚಿನ ಪಠ್ಯದಲ್ಲಿ ದನಿಯಿಲ್ಲ, ಮೌನಕ್ಕೂ ನಿಧಾನದ ಟೈಪಿಂಗಿಗೂ ವ್ಯತ್ಯಾಸವಿಲ್ಲ.

ದನಿಯನ್ನು ಅಕ್ಷರಕ್ಕಿಳಿಸುವ ಹಂತದಲ್ಲೂ ತೊಂದರೆಯಿದೆ. ಬಹಳ ಬಳಕೆಯಲ್ಲಿರುವ ವಿಸ್ಪರ್ ಎಂಬ ತಂತ್ರಾಂಶವನ್ನು ಪರೀಕ್ಷಿಸಿದ 2024ರ ಅಧ್ಯಯನವೊಂದು, ನೂರರಲ್ಲಿ ಸುಮಾರು ಒಂದು ತುಣುಕಿನಲ್ಲಿ ಯಾರೂ ಆಡದ ಮಾತು ಸೇರಿಕೊಂಡಿರುವುದನ್ನು ಕಂಡಿತು. ಹಾಗೆ ಸೇರಿದ್ದರಲ್ಲಿ 38 ಶೇಕಡಾ ಹಿಂಸೆಯ ಚಿತ್ರ, ಸುಳ್ಳು ಸಂಬಂಧದಂಥ ಹಾನಿಕರ ಸಂಗತಿಗಳಾಗಿದ್ದವು. ಮಾತಿನ ನಡುವೆ ದೀರ್ಘ ಮೌನವಿದ್ದಲ್ಲಿ ಈ ದೋಷ ಹೆಚ್ಚುತ್ತಿತ್ತು. ಮೌನವೇ ಜೀವಾಳವಾದ ಕೋಣೆಯಲ್ಲಿ ಮೌನವನ್ನು ಸುಳ್ಳು ಮಾತಿನಿಂದ ತುಂಬುವ ಉಪಕರಣಕ್ಕಿಂತ ಕೆಟ್ಟದ್ದನ್ನು ಊಹಿಸುವುದು ಕಷ್ಟ.

ಕನ್ನಡಕ್ಕೆ ಬಂದಾಗ ತೊಂದರೆ ಯಂತ್ರದಲ್ಲಿ ಮಾತ್ರ ಇರುವುದಿಲ್ಲ, ವಿಧಾನದೊಳಗೇ ಇರುತ್ತದೆ. ಮೇಲಿನ ತುಣುಕಿನಲ್ಲಿ "ನಾನು" ಎಂಬ ಪದ ಒಂದು ಸಲವೂ ಇಲ್ಲ, "ನನಗೆ" ಎಂಬುದೂ ಇಲ್ಲ. ಆದರೂ ಮಾತೆಲ್ಲ ಆಕೆಯದೇ. ಕನ್ನಡದಲ್ಲಿ "ಹೋದೆ" ಎಂದರೆ ಸಾಕು, ಹೋದವರು ಯಾರೆಂದು ಕ್ರಿಯಾಪದದ ಕೊನೆಯೇ ಹೇಳುತ್ತದೆ. ಭಾವನೆಯ ಮಾತಿನಲ್ಲಂತೂ ನಾವು ಕರ್ತೃಗಳೇ ಅಲ್ಲ: ಸಿಟ್ಟು ಬರುತ್ತದೆ, ಭಯ ಆಗುತ್ತದೆ, ಬೇಜಾರು ಆಗುತ್ತದೆ, ನಾವು ಅದು ಬಂದು ಸೇರುವ ಚತುರ್ಥಿ ವಿಭಕ್ತಿಯ ಜಾಗ. ಪದ ಎಣಿಸುವ ವಿಧಾನ ಇಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಇಂಗ್ಲಿಷಿನ ಓದಿಗೆ ಒಗ್ಗಿದ ವಿಶ್ಲೇಷಕರು "ತಪ್ಪಾಯ್ತು", "ಜಗಳ ಆಯ್ತು" ಎಂಬುದನ್ನು ಹೊಣೆ ಜಾರಿಸುವ ಮಾತೆಂದು ಓದಿಬಿಡಬಹುದು. "ತಪ್ಪಾಯ್ತು" ಎಂಬುದು ನಮ್ಮಲ್ಲಿ ಪೂರ್ಣ ಪ್ರಮಾಣದ ಕ್ಷಮೆಯಾಚನೆ. ಆದರೆ ಒಬ್ಬರ ಮಾತು ಹಲವು ಭೇಟಿಗಳ ನಂತರ "ಜಗಳ ಆಯ್ತು" ಎಂಬುದರಿಂದ "ನಾನೇ ಜಗಳ ತೆಗೆದೆ" ಎಂಬುದಕ್ಕೆ ಸರಿದರೆ, ಅದು ಗಮನಿಸಬೇಕಾದ ಘಟನೆ. ಅಂದರೆ ಕನ್ನಡದಲ್ಲಿ ಅರ್ಥವಿರುವುದು ಆಗು ಮತ್ತು ಮಾಡುಗಳ ಎಣಿಕೆಯಲ್ಲಲ್ಲ, ಒಬ್ಬರದೇ ಮಾತಿನಲ್ಲಿ ಒಂದರಿಂದ ಇನ್ನೊಂದಕ್ಕೆ ಆಗುವ ಪಲ್ಲಟದಲ್ಲಿ.

"ಬೇಜಾರು" ಎಂಬ ಒಂದೇ ಪದದ ಹರವನ್ನು ನೋಡಿ. ದುಃಖ, ಬೇಸರ, ಮುನಿಸು, ಸಾಕಾಗಿಹೋಗುವಿಕೆ ಎಲ್ಲವೂ ಅದರಲ್ಲಿವೆ. "ಬೇಜಾರು ಮಾಡ್ಕೋಬೇಡಿ" ಎಂದಾಗ ಅದು ನೊಂದುಕೊಳ್ಳುವುದು. ಭಾವದ ಪದಗಳ ಯಾವ ಕೋಶದಲ್ಲಿ ಇದನ್ನು ಯಾವ ಮನೆಯಲ್ಲಿ ಕೂರಿಸುವುದು? "ಅವರು ಹಂಗಂದ್ರಂತೆ" ಎನ್ನುವಾಗಿನ "ಅಂತೆ" ಆ ಮಾತಿಗೆ ತಾನು ಸಾಕ್ಷಿಯಲ್ಲವೆಂದು ಹೇಳುತ್ತದೆ. "ಹೋದ್ರು" ಎಂಬ ಗೌರವದ ಬಹುವಚನವನ್ನು ಅತ್ತೆಯ ವಿಷಯದಲ್ಲಿ ತಿಂಗಳುಗಟ್ಟಲೆ ಬಳಸಿದವಳು ಒಂದು ದಿನ "ಹೋದ್ಲು" ಎಂದರೆ ಆ ಕೋಣೆಯಲ್ಲಿ ಏನೋ ಮುರಿದಿದೆ ಅಥವಾ ತೆರೆದಿದೆ. ಸಂಶೋಧನಾ ಪ್ರಬಂಧಕ್ಕಾಗಿ ಇಂಗ್ಲಿಷಿಗೆ ಅನುವಾದಿಸಿ ಕೋಡಿಂಗ್ ಮಾಡಿದಾಗ ಎರಡೂ ಒಂದೇ ಆಗಿಬಿಡುತ್ತವೆ. ಹೆಲ್ಸಿಂಕಿಯ ಆನ್ಸಿ ಪೆರಾಕ್ಯುಲಾ ಮತ್ತು ಸಂಗಡಿಗರು ಮನೋವಿಶ್ಲೇಷಣೆಯ ಭೇಟಿಗಳನ್ನು ಫಿನ್ನಿಷ್ ಮಾತಿನಲ್ಲಿಯೇ ಬಿಡಿಸಿ ಜಗತ್ತಿನ ಮುಂದಿಟ್ಟರು. ಮೂಲದ ಮಾತು, ಅಗತ್ಯವಿದ್ದಲ್ಲಿ ಪದಪದಕ್ಕೆ ವ್ಯಾಕರಣದ ಗುರುತು, ಕೊನೆಗೆ ಅನುವಾದ ಎಂಬ ಸಾಲುಗಳ ರೂಢಿ ಆ ಕ್ಷೇತ್ರದಲ್ಲಿದೆ. ಕನ್ನಡಕ್ಕಿಂತ ಎಷ್ಟೋ ಕಡಿಮೆ ಜನ ಆಡುವ ಭಾಷೆಯಲ್ಲಿ ಸಾಧ್ಯವಾದದ್ದು ಇಲ್ಲಿ ಸಾಧ್ಯವಾಗದಿರಲು ಕಾರಣ ಕಾಣುವುದಿಲ್ಲ.

ನೆಲವಂತೂ ಬರಡಲ್ಲ. ಮುಂದೆ ನಿಮ್ಹಾನ್ಸ್ ಆದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಂ 1964ರಲ್ಲೇ, ಇಲ್ಲಿನ ರೋಗಿ ಮನಸ್ಸಿನೊಳಗಿನ ಕಾರಣಗಳ ವಿವರಣೆಗಿಂತ ಪರಿಸ್ಥಿತಿಗೆ ಒದಗುವ ನೇರ ಆಸರೆಯನ್ನು ಹೆಚ್ಚು ಒಪ್ಪುತ್ತಾನೆ ಎಂದು ಬರೆದಿದ್ದರು. ಆರ್. ರಘುರಾಮ್, ಮಿಚೆಲ್ ವೈಸ್ ಮೊದಲಾದವರು ಬೆಂಗಳೂರಿನಲ್ಲಿ ರೋಗಿಗಳೊಂದಿಗೆ ಮಾತಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯ ಲಕ್ಷಣಗಳು ತೀವ್ರವಾದಷ್ಟೂ ಕಳಂಕದ ಭಾವ ಹೆಚ್ಚಿತ್ತು, ದೈಹಿಕ ಲಕ್ಷಣಗಳು ತೀವ್ರವಾದಷ್ಟೂ ಅದು ಕಡಿಮೆಯಿತ್ತು. ತಲೆಭಾರ, ಎದೆಯುರಿ, ಕೈಕಾಲು ಸೋಲುವುದು ಎಲ್ಲರೆದುರು ಹೇಳಬಹುದಾದ ಮಾತು, ಮನಸ್ಸಿನದು ಹಾಗಲ್ಲ. ನಮ್ಮ ತುಣುಕಿನಲ್ಲಿ ಚಿಕಿತ್ಸಕಿ ತಲೆಭಾರವನ್ನು ದಾಟಿ ಹೋದದ್ದು ಸರಿಯೇ ಎಂಬ ಪ್ರಶ್ನೆಗೆ ಈ ಬೆಳಕಿನಲ್ಲಿ ಬೇರೆ ತೂಕ ಬರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಇಂದು ಕನ್ನಡದಲ್ಲೂ ಕರೆ ಮಾಡಬಹುದು. ಹೀಗಿರುವಾಗ ಅಂಥ ಮಾತನ್ನು ಆಲಿಸುವವರ ತರಬೇತಿಗೆ ಕನ್ನಡದ ಮಾತಿನ ರೀತಿಯನ್ನೇ ಆಧರಿಸಿದ ಪಾಠ ಇರಬೇಕೆಂಬುದು ಅತಿಯಾದ ಅಪೇಕ್ಷೆಯಲ್ಲ.

ಆದರೆ ಮಾತನ್ನು ಸಂಗ್ರಹಿಸದೆ ಇದಾವುದೂ ಆಗದು, ಸಂಗ್ರಹಿಸಿದ ಮಾತು ಸೋರಿದರೆ ಆಗುವ ಅನಾಹುತ ಫಿನ್ಲೆಂಡಿನಲ್ಲಿಯೇ ಕಂಡಿತು. 2020ರ ಅಕ್ಟೋಬರಿನಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಕೇಂದ್ರಗಳ ಜಾಲದಿಂದ ಕದ್ದ ಸುಮಾರು 33 ಸಾವಿರ ಜನರ ದಾಖಲೆಗಳನ್ನು ಹಿಡಿದು, ರೋಗಿಗಳಿಗೇ ನೇರವಾಗಿ ಪತ್ರ ಬರೆದು ಹಣಕ್ಕಾಗಿ ಬೆದರಿಸಲಾಯಿತು. ಅವು ಚಿಕಿತ್ಸಕರು ಬರೆದಿಟ್ಟ ಟಿಪ್ಪಣಿಗಳು. ದನಿಯೇ ಸೋರಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು. ಕಳ್ಳತನವಿಲ್ಲದೆಯೂ ನಂಬಿಕೆ ಮುರಿಯಬಹುದು: ಅಮೆರಿಕದ ಕ್ರೈಸಿಸ್ ಟೆಕ್ಸ್ಟ್ ಲೈನ್ ಎಂಬ ಸಹಾಯವಾಣಿಯು ಹೆಸರು ತೆಗೆದ ಸಂಭಾಷಣೆಗಳ ದತ್ತಾಂಶವನ್ನು ತನ್ನಿಂದಲೇ ಹುಟ್ಟಿದ ಲಾಭದ ಕಂಪನಿಗೆ ಕೊಡುತ್ತಿದ್ದುದು 2022ರಲ್ಲಿ ಹೊರಬಿದ್ದು, ಟೀಕೆಯ ನಂತರ ಅದನ್ನು ನಿಲ್ಲಿಸಬೇಕಾಯಿತು. ನಮ್ಮ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23 ಮತ್ತು 24ನೇ ಸೆಕ್ಷನ್‌ಗಳು ಗೋಪ್ಯತೆಯನ್ನು ಹಕ್ಕಾಗಿ ಕೊಡುತ್ತವೆ, ಡಿಜಿಟಲ್ ರೂಪದ ಮಾಹಿತಿಗೂ ಅದು ಅನ್ವಯಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾತ್ರ ಆರೋಗ್ಯದ ಮಾಹಿತಿಯನ್ನು ಹೆಚ್ಚು ಸೂಕ್ಷ್ಮವೆಂದು ಪ್ರತ್ಯೇಕಿಸುವ ವರ್ಗವೇ ಇಲ್ಲ. ಹೆಸರನ್ನು ಅಳಿಸಿದರೆ ಸಾಕೆಂಬ ವಾದ ನಮ್ಮ ಊರುಗಳಲ್ಲಿ ಇನ್ನಷ್ಟು ದುರ್ಬಲ; ಮಾತಿನ ಧಾಟಿ ಸೀಮೆಯನ್ನು ಹೇಳುತ್ತದೆ, ಸಂಬಂಧವಾಚಕಗಳು ಮನೆತನವನ್ನು ಹೇಳುತ್ತವೆ, ಹಬ್ಬದ ಅಡುಗೆಯ ಪ್ರಸಂಗವೊಂದು ಜಾತಿಯನ್ನೇ ಹೇಳಿಬಿಡುತ್ತದೆ. ಒಪ್ಪಿಗೆಯನ್ನು ಮೊದಲ ಭೇಟಿಯ ಅರ್ಜಿಯಲ್ಲಿ ಒಮ್ಮೆ ಪಡೆದು ಮುಗಿಸದೆ, ಆಡಿದ ಮೇಲೂ ಮತ್ತೆ ಕೇಳಿ, ಬೇಡವೆಂದ ತುಣುಕನ್ನು ಅಳಿಸುವ ಏರ್ಪಾಡು ಇರಬೇಕು. ಮಾತು ಎಲ್ಲಿಗೆ ಹೋಗಲಿದೆ ಎಂಬುದು ಆಡುವ ಮೊದಲು ಯಾರಿಗೂ ತಿಳಿದಿರುವುದಿಲ್ಲ.

ಆ ಐದು ಸಾಲಿನ ಕೊನೆಯದನ್ನು ಇನ್ನೊಮ್ಮೆ ನೋಡಬೇಕು. "ಬಂತು. ಬಂದಿತ್ತು." ಪದ ಎಣಿಸುವ ತಂತ್ರಾಂಶಕ್ಕೆ ಅದು ಭಾವವಿಲ್ಲದ ಒಂದೇ ಕ್ರಿಯಾಪದದ ಎರಡು ರೂಪ, ಸಾರಾಂಶ ಬರೆಯುವ ಯಂತ್ರಕ್ಕೆ ಪುನರುಕ್ತಿ. ಇಂಗ್ಲಿಷಿಗೆ ತಂದರೆ ಬಿಟ್ಟುಹೋದ ಕರ್ತೃಪದವನ್ನು ತುಂಬಿಕೊಡಲೇಬೇಕು, ಆಗ ಆಕೆ ಹೇಳದೆ ಬಿಟ್ಟ ಸಿಟ್ಟು ಎಂಬ ಪದವನ್ನು ಅನುವಾದಕರೇ ಹೇಳಿಬಿಟ್ಟಂತಾಗುತ್ತದೆ. ಕನ್ನಡದ ಕಿವಿಗೆ ಮೊದಲನೆಯ "ಬಂತು" ಚಿಕಿತ್ಸಕಿಗೆ ಕೊಟ್ಟ ಉತ್ತರ. ಎರಡನೆಯದರಲ್ಲಿ ಕಾಲ ಹಿಂದಕ್ಕೆ ಸರಿದಿದೆ: ತಟ್ಟೆ ಒಳಗೆ ಹೋದ ಆ ಗಳಿಗೆಯಲ್ಲಿ, ತಲೆ ಭಾರವಾಗುವ ಮೊದಲು, ಅದು ಆಗಲೇ ಬಂದಿತ್ತು.